ಕನ್ಫರ್ಮ್ ಆಯ್ತಮ್ಮ

ಚಿಂತಾಮಣಿಯ ಒಂದು ಖಾಸಗಿ ಕಾಲೇಜಿನಲ್ಲಿ ತನುಜ ಭೌತಶಾಸ್ತ್ರ ಹೇಳಿಕೊಡಲು ಶುರುಮಾಡಿ ಆರು ವರ್ಷವಾಗಿತ್ತು. ಆರು ವರ್ಷವೂ ಟೆಂಪರರಿ. ಪ್ರತಿ ಜೂನ್‌ನಲ್ಲೂ ಆಡಳಿತ ಮಂಡಳಿಯವರು ‘ಮುಂದಿನ ವರ್ಷ ಕನ್ಫರ್ಮ್ ಮಾಡೋಣ’ ಎಂದು ಸಾಗಹಾಕುತ್ತಿದ್ದರು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದ ತಾಯಿ ಅಶ್ವತ್ಥಮ್ಮ ಆ ಒಂದು ಇಂಗ್ಲಿಷ್ ಪದವನ್ನು ಚೆನ್ನಾಗಿ ಕಲಿತುಬಿಟ್ಟಿದ್ದರು. ಮಗಳು ಬಸ್ಸಿಳಿದು ಮನೆಗೆ ಬಂದರೆ ಕಾಫಿಗಿಂತ ಮೊದಲು ಅದೇ ಪ್ರಶ್ನೆ.

ಕಾಲೇಜಿಗೆ ಯಾರೋ ದಾನ ಕೊಟ್ಟಿದ್ದ ದೂರದರ್ಶಕ ಡಬ್ಬದಲ್ಲೇ ಧೂಳು ತಿನ್ನುತ್ತಿತ್ತು. ಅದನ್ನು ಒರೆಸಿ ತಾರಸಿಗೆ ಹೊತ್ತೊಯ್ದವಳು ತನುಜ. ೨೦೦೭ರಲ್ಲಿ ವಿದೇಶದ ಒಂದು ಸಂಶೋಧಕರ ತಂಡ ಅವಳಂಥ ಹವ್ಯಾಸಿ ಆಕಾಶವೀಕ್ಷಕರನ್ನು ಇಮೇಲಿನಲ್ಲಿ ಕೇಳಿಕೊಂಡಿತು: ಸಾವಿರ ಜ್ಯೋತಿರ್ವರ್ಷ ದೂರದಲ್ಲಿ ನಮ್ಮ ಸೂರ್ಯನಂಥದೇ ಒಂದು ನಕ್ಷತ್ರವಿದೆ, ಮೂರು ದಿನಕ್ಕೊಮ್ಮೆ ಅದರ ಬೆಳಕು ನೂರಕ್ಕೆ ಒಂದು ಪಾಲು ಮಂಕಾಗುತ್ತದೆ, ಗ್ರಹವೊಂದು ಅಡ್ಡ ಹಾದುಹೋಗುತ್ತಿರಬಹುದು. ಮುಂದಿನ ಸಲ ನಮ್ಮಲ್ಲಿ ಹಗಲು, ನಿಮ್ಮಲ್ಲಿ ಇರುಳು. ನೋಡಿ ಹೇಳುತ್ತೀರಾ?

ತಂಡದವರೇ ಕಳಿಸಿದ ಕ್ಯಾಮೆರಾ ಸಿಕ್ಕಿಸಿ, ಕಾರ್ತಿಕದ ಒಂದು ರಾತ್ರಿ ಅವಳು ನಿಮಿಷಕ್ಕೊಂದು ಚಿತ್ರ ತೆಗೆದಳು. ಇಬ್ಬನಿಯೋ ಹೊಗೆಯೋ ಕವಿದರೆ ಪಕ್ಕದ ನಕ್ಷತ್ರವೂ ಮಂಕಾಗಬೇಕಲ್ಲ? ಪಕ್ಕದ್ದು ಹಾಗೇ ಇತ್ತು. ಇದೊಂದರ ಬೆಳಕು ಮಾತ್ರ ಇಳಿದು, ಮೂರು ಗಂಟೆಯ ಮೇಲೆ ಮತ್ತೆ ಏರಿತು. ಆದರೂ ಅಷ್ಟಕ್ಕೇ ಗ್ರಹ ಎನ್ನುವಂತಿಲ್ಲ, ಜೋಡಿ ನಕ್ಷತ್ರಗಳೂ ಹೀಗೆ ಮೋಸ ಮಾಡುವುದುಂಟು. ದೊಡ್ಡ ದೂರದರ್ಶಕದವರು ಆ ನಕ್ಷತ್ರದ ಓಲಾಟ ಅಳೆದು, ಸುತ್ತುತ್ತಿರುವುದರ ತೂಕ ಕಂಡುಹಿಡಿಯಬೇಕು. ತನುಜ ಕಾದಳು. ಕಾಯುವುದರಲ್ಲಿ ಅವಳಿಗೆ ಆರು ವರ್ಷದ ಅನುಭವವಿತ್ತಲ್ಲ!

ಮಾರ್ಚ್‌ನಲ್ಲಿ ಬ್ರೌಸಿಂಗ್ ಸೆಂಟರಿನಲ್ಲಿ ತಂಡದ ಉತ್ತರ ಓದಿದವಳೇ ಖುಷಿ ತಡೆಯಲಾರದೆ ಮನೆಗೆ ಫೋನ್ ಮಾಡಿದಳು.

“ಅಮ್ಮಾ, ಕನ್ಫರ್ಮ್ ಆಯ್ತು!”

ಆ ಕಡೆಯಿಂದ ಬರೀ ಅಳು. ಅಷ್ಟರಲ್ಲಿ ಲೈನ್ ಕಟ್ಟಾಯಿತು.

ಶಿಡ್ಲಘಟ್ಟದಲ್ಲಿ ಬಸ್ಸಿಳಿದು ಬಂದರೆ ಎದುರುಮನೆಯ ಚಿಕ್ಕವೆಂಕಟಮ್ಮ ಬೀದಿ ತುದಿಯಲ್ಲೇ ಕೈಹಿಡಿದುಕೊಂಡರು. “ಪರ್ಮನೆಂಟ್ ಆಯ್ತಂತಲ್ಲಮ್ಮ! ನಿಮ್ಮಮ್ಮ ಬೀದಿಗೆಲ್ಲ ಸಕ್ಕರೆ ಹಂಚವ್ರೆ.”

ತನುಜ ಕೈ ಬಿಡಿಸಿಕೊಂಡು ಓಡಿದಳು. ಮನೆಯಲ್ಲಿ ತಾಯಿ ಹೊಸ ಸೀರೆ ಉಟ್ಟು, ದೀಪ ಹಚ್ಚಿ ಕೂತಿದ್ದರು. ನಾಚಿಕೆಯಿಂದ ಕುಗ್ಗುತ್ತಲೇ ಅವಳು ಎಲ್ಲ ಹೇಳಿದಳು.

“ಕೆಲ್ಸ ಅಲ್ಲಮ್ಮ. ಗ್ರಹ.”

ಅಶ್ವತ್ಥಮ್ಮ ಗೂಡು ಬೇಯಿಸುವ ಬಿಸಿನೀರಿನಲ್ಲಿ ಬೆಳ್ಳಗೆ ಸುಕ್ಕಾದ ಬೆರಳುಗಳನ್ನು ನೋಡಿಕೊಂಡರು. ಆಮೇಲೆ ಕೇಳಿದರು: “ಅವ್ರು ಕನ್ಫರ್ಮ್ ಅನ್ನೋಕ್ ಮುಂಚೆ ಅದು ಇರ್ಲಿಲ್ವಾ?”

“ಇತ್ತಮ್ಮ. ಕೋಟ್ಯಂತರ ವರ್ಷದಿಂದ ಸುತ್ತುತ್ತಾನೇ ಐತೆ.”

“ಯಾರೂ ಹೇಳ್ದೆ ಇದ್ರೂನಾ?”

“ಹೇಳ್ದೆ ಇದ್ರೂ.”

“ಹಂಗಾದ್ರೆ ನಾನು ಸಕ್ಕರೆ ಹಂಚಿದ್ದು ತಪ್ಪಲ್ಲ ಕಣೇ,” ಎಂದು ಅಶ್ವತ್ಥಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದರು. “ಆರು ವರ್ಷದಿಂದ ಪಾಠ ಮಾಡ್ತಿದೀಯ. ಅವ್ರು ಬರ್ಕೊಡ್ಲಿ, ಬಿಡ್ಲಿ, ನೀನು ಮೇಡಮ್ಮನೇ.”

ತನುಜಳಿಗೆ ಅಳು ಬಂತು.

ಮರುದಿನ ಅವಳು ಆಡಳಿತ ಮಂಡಳಿಯ ಕೋಣೆಗೆ ಹೋದಳು. ಆರು ವರ್ಷದಲ್ಲಿ ಮೊದಲ ಸಲ, ಯಾರೂ ಕೂತ್ಕೊಳ್ಳಿ ಅನ್ನುವ ಮೊದಲೇ, ಕುರ್ಚಿ ಎಳೆದುಕೊಂಡು ಕೂತಳು.