ಬಾರದ ಟೈಫಾಯ್ಡ್

2023ರಲ್ಲಿ ನಾನು ಸ್ಯಾನ್ ಡಿಯಾಗೊದ ಒಂದು ಸರ್ಕಾರಿ ಕಾಲೇಜಿನಲ್ಲಿ ಫೈನಾನ್ಶಿಯಲ್ ಏಡ್ ಕೌನ್ಸೆಲರ್ ಆಗಿದ್ದೆ. ಓದುವ ಮಕ್ಕಳಿಗೆ ಸರ್ಕಾರದ ಧನಸಹಾಯ ಸಿಗುವಂತೆ, ಸಿಕ್ಕಿದ್ದು ಕೈತಪ್ಪದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಅಳುವವರನ್ನು, ರೇಗುವವರನ್ನು ಬೇಕಾದಷ್ಟು ನೋಡಿದ್ದೇನೆ. ಆದರೆ ನಾನೇ ನಾಚಿಕೆಯಿಂದ ಕುಗ್ಗಿಹೋದದ್ದು ಒಂದೇ ಪ್ರಕರಣದಲ್ಲಿ, ಅದೂ ನಮ್ಮವರದೇ.

ಮೊದಲು ನಿಯಮ ಹೇಳಿಬಿಡುತ್ತೇನೆ. ಧನಸಹಾಯ ಪಡೆಯುವವರು ಓದಿನಲ್ಲಿ ಮುಂದೆ ಸಾಗುತ್ತಿರಬೇಕು. ನಮ್ಮ ಕಾಲೇಜಿನಲ್ಲಿ ಸರಾಸರಿ ಗ್ರೇಡ್ 2.0ಕ್ಕಿಂತ ಇಳಿಯಬಾರದಿತ್ತು, ಸೇರಿಕೊಂಡ ಯೂನಿಟ್‌ಗಳಲ್ಲಿ, ಅಂದರೆ ಕ್ರೆಡಿಟ್‌ಗಳಲ್ಲಿ, ಶೇಕಡ 67ರಷ್ಟನ್ನು ಮುಗಿಸಿರಬೇಕಿತ್ತು. ಒಂದು ಸೆಮಿಸ್ಟರ್ ಪರದೇಶದಲ್ಲಿ ಓದಿದರೂ ಲೆಕ್ಕ ಇದೇ. ಅಲ್ಲಿ ಅರ್ಧಕ್ಕೆ ಬಿಟ್ಟ ಕೋರ್ಸುಗಳೂ ಸೇರಿಕೊಂಡದ್ದೆಂದೇ ಎಣಿಕೆಗೆ ಬರುತ್ತವೆ. ತಪ್ಪಿದರೆ ಧನಸಹಾಯ ನಿಲ್ಲುತ್ತದೆ. ಆಗ ಉಳಿಯುವ ದಾರಿ ಕಾಲೇಜಿನ ಕಮಿಟಿಗೆ ಅಪೀಲ್ ಒಂದೇ. ಅದರಲ್ಲಿ ಎರಡು ಪ್ರಶ್ನೆ: ಏನಾಯಿತು? ಈಗ ಏನು ಬದಲಾಗಿದೆ?

ಆ ಜುಲೈನಲ್ಲಿ ವಸಂತ ಎಂಬಾಕೆ ಮಗಳು ನಿಧಿಯನ್ನು ಕರೆದುಕೊಂಡು ಲಾಸ್ ಏಂಜಲೀಸಿನ ವುಡ್‌ಲ್ಯಾಂಡ್ ಹಿಲ್ಸ್‌ನಿಂದ ಡ್ರೈವ್ ಮಾಡಿಕೊಂಡು ಬಂದರು. ನಿಧಿ ಇಲ್ಲೇ ಹುಟ್ಟಿದವಳು, ನಮ್ಮ ಕಾಲೇಜಿನಲ್ಲಿ ಮೂರು ಸೆಮಿಸ್ಟರ್ ಓದಿದ್ದಳು. ಜನವರಿಯಲ್ಲಿ ಶುರುವಾದ ಸೆಮಿಸ್ಟರ್‌ಗೆ ಮೈಸೂರಿಗೆ ಹೋಗಿ ಹದಿನೈದು ಯೂನಿಟ್ ಸೇರಿಕೊಂಡವಳು ಮುಗಿಸಿದ್ದು ಮೂರೇ. ಒಟ್ಟು ಅರವತ್ತರಲ್ಲಿ ಮೂವತ್ತೊಂಬತ್ತು, ಅಂದರೆ ಶೇಕಡ 65. ಎರಡೇ ಎರಡು ಪರ್ಸೆಂಟ್ ಕಡಿಮೆ. ತಂದೆಗೆ ಬರ್ಬ್ಯಾಂಕಿನ ಸಿನಿಮಾ ಸ್ಟುಡಿಯೊ ಒಂದರಲ್ಲಿದ್ದ ಕೆಲಸ ಹೋಗಿತ್ತು. ಅಪೀಲ್ ಬಿದ್ದುಹೋದರೆ ಹುಡುಗಿ ಕಾಲೇಜು ಬಿಡಬೇಕಿತ್ತು.

ವಸಂತ ಕುಳಿತವರೇ ಮುಖ ಅರಳಿಸಿದರು. "ಹೆಸರು ನೋಡಿದ್ ತಕ್ಷಣ ನಮ್ಮ ಕಡೆಯವ್ರೇ ಅಂತ ಗೊತ್ತಾಯ್ತು ಮೇಡಂ. ಇವ್ಳಿಗೆ ಅಲ್ಲಿ ಟೈಫಾಯ್ಡ್ ಬಂದ್ಬಿಡ್ತು. ಅಲ್ಲೇ ಡಾಕ್ಟ್ರಾಗಿರೋ ನಮ್ಮಣ್ಣನೇ ಟ್ರೀಟ್ ಮಾಡಿದ್ದು, ಸರ್ಟಿಫಿಕೇಟ್ ಇದೆ. ಈಗ ಪೂರ್ತಿ ವಾಸಿಯಾಗಿದೆ. ಮುಂದಿನ ಸೆಮಿಸ್ಟರ್ ಹದಿನೆಂಟು ಯೂನಿಟ್ ತಗೊಂಡು ಹೋಗಿದ್ದೆಲ್ಲ ಕವರ್ ಮಾಡ್ತಾಳೆ."

ಸರ್ಟಿಫಿಕೇಟ್ ನೋಡಿದೆ. ಆರು ವಾರ ವಿಶ್ರಾಂತಿ, ಸಂಪೂರ್ಣ ಗುಣಮುಖ, ದುಂಡನೆಯ ಸೀಲು. ನನ್ನ ಅಮೆರಿಕನ್ ಸಹೋದ್ಯೋಗಿಗಳಾಗಿದ್ದರೆ ಅದನ್ನು ಕಣ್ಣಿಗೊತ್ತಿಕೊಂಡು ಫೈಲಿಗೆ ಸೇರಿಸುತ್ತಿದ್ದರು. ಮೈಸೂರಿನಲ್ಲೇ ಓದಿ ಬಂದ ನನಗೆ ಮಾತ್ರ ಅದರ ವಾಸನೆ ಗೊತ್ತು. ಅಟೆಂಡೆನ್ಸ್ ಶಾರ್ಟೇಜ್ ಆದರೆ ಪರಿಚಯದ ಡಾಕ್ಟರ ಹತ್ತಿರ ಒಂದು ಟೈಫಾಯ್ಡೋ ಜಾಂಡೀಸೋ ಬರೆಸಿಕೊಂಡು ಬರುವುದು ನಮ್ಮಲ್ಲಿ ಸುಳ್ಳಿನ ಲೆಕ್ಕಕ್ಕೇ ಬರುತ್ತಿರಲಿಲ್ಲ. ಅದೊಂದು ಉಪಕಾರ, ಅಷ್ಟೇ.

ಅಪೀಲ್‌ಗೆ ವಿದ್ಯಾರ್ಥಿಯೇ ಉತ್ತರ ಕೊಡಬೇಕು ಎಂದು ಹೇಳಿ ತಾಯಿಯನ್ನು ಹೊರಗೆ ಕೂರಿಸಿದೆ. ಟೈಫಾಯ್ಡ್‌ನ ವಿಷಯ ನೀನೇ ಹೇಳಮ್ಮ ಎಂದೆ. ನಿಧಿ ಅಷ್ಟು ಹೊತ್ತೂ ತನ್ನ ಶೂ ನೋಡುತ್ತಿದ್ದಳು. ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಅದೊಂದನ್ನು ಕನ್ನಡದಲ್ಲಿ ಹೇಳಿದಳು.

"ನಂಗೆ ಟೈಫಾಯ್ಡ್ ಬರ್ಲಿಲ್ಲ ಆಂಟಿ."

ಉಳಿದದ್ದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಹಾಸ್ಟೆಲಿನ ರೂಮಿನಿಂದ ವಾರಗಟ್ಟಲೆ ಹೊರಗೆ ಬರಲಾಗುತ್ತಿರಲಿಲ್ಲವಂತೆ. ಸ್ನಾನ ಮಾಡುವುದೂ ದೊಡ್ಡ ಕೆಲಸವಾಗಿತ್ತಂತೆ. ಅಲ್ಲಿಯ ಮಾನಸಿಕ ಆರೋಗ್ಯದ ಕೌನ್ಸೆಲರ್ ಡಿಪ್ರೆಶನ್ ಎಂದು ಗುರುತಿಸಿ ಬರೆದುಕೊಟ್ಟ ಪತ್ರ ಅವಳ ಬಳಿಯೇ ಇತ್ತು. ಮನೆಯಲ್ಲಿ ಎಲ್ಲರಿಗೂ ಗೊತ್ತು. "ಹದಿನೆಂಟು ಯೂನಿಟ್ ನನ್ನಿಂದಾಗಲ್ಲ, ಆರಾದರೆ ಹೆಚ್ಚು" ಎಂದಳು.

ಟೈಫಾಯ್ಡ್ ಆದರೆ ಎರಡನೆಯ ಪ್ರಶ್ನೆಗೆ ಉತ್ತರ ಸುಲಭ: ಜ್ವರ ಬಿಟ್ಟಿದೆ. ಕಮಿಟಿ ಒಪ್ಪುತ್ತದೆ, ಹದಿನೆಂಟು ಯೂನಿಟ್ ತಲೆಯ ಮೇಲೆ ಬೀಳುತ್ತದೆ, ಡಿಸೆಂಬರಿನ ಹೊತ್ತಿಗೆ ಹುಡುಗಿ ಮತ್ತೆ ಅದೇ ಕತ್ತಲ ರೂಮಿನಲ್ಲಿರುತ್ತಾಳೆ.

ಅವಳ ಒಪ್ಪಿಗೆ ಪಡೆದು ತಾಯಿಯನ್ನು ಒಳಗೆ ಕರೆದೆ. ಈ ಸರ್ಟಿಫಿಕೇಟನ್ನು ಮುಂದೆ ಕಳಿಸಲಾರೆ ಎಂದೆ. ವಸಂತ ಬಿಳಿಚಿಕೊಂಡರು. "ಹುಡುಗಿಗೆ ಮನಸ್ಸಿನ ಕಾಯಿಲೆ ಅಂತ ಪೇಪರ್ ಮೇಲೆ ಹಾಕ್ಬೇಕಾ ಮೇಡಂ? ನಾಳೆ ಯಾರಿಗಾದ್ರೂ ಗೊತ್ತಾದ್ರೆ? ನೀವೂ ನಮ್ಮವ್ರೇ, ನಿಮ್ಗೆ ಅರ್ಥ ಆಗ್ಬೇಕು."

ಅರ್ಥವಾಯಿತು. ಅದೇ ನಾಚಿಕೆಗೇಡು. ಮಗಳು ಅಲ್ಲೇ ಕುಳಿತಿದ್ದಾಳೆ, ಅವಳ ಕಾಯಿಲೆಗಿಂತ ಟೈಫಾಯ್ಡ್ ಮರ್ಯಾದಸ್ಥ ಎಂದು ತಾಯಿ ಅವಳ ಮುಂದೆಯೇ ಹೇಳುತ್ತಿದ್ದಾರೆ. ಅದನ್ನು ಕೇಳುತ್ತಿದ್ದ ನನ್ನ ಮನಸ್ಸು ಒಂದು ಗಳಿಗೆ, ನಮ್ಮ ಹುಡುಗಿಯ ವಿಷಯ ಆ ಬಿಳಿಯರ ಕಮಿಟಿಯ ಮುಂದೆ ಯಾಕೆ ಎಂದು ಯೋಚಿಸಿತು.

ಕೊನೆಗೆ ನಿಧಿಯೇ ಸರ್ಟಿಫಿಕೇಟನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಕೌನ್ಸೆಲರ್ ಪತ್ರವನ್ನು ಮೇಜಿನ ಮೇಲಿಟ್ಟಳು. ಏನು ಬದಲಾಗಿದೆ ಎಂಬ ಪ್ರಶ್ನೆಗೆ, ಪ್ರತಿವಾರ ಚಿಕಿತ್ಸೆಗೆ ಹೋಗುತ್ತಿದ್ದೇನೆ, ಆರು ಯೂನಿಟ್ ಮಾತ್ರ ತೆಗೆದುಕೊಳ್ಳುತ್ತೇನೆ ಎಂದು ಬರೆದಳು. ಕಡಿಮೆ ಯೂನಿಟ್‌ಗೆ ಕಡಿಮೆ ದುಡ್ಡು. ಆದರೂ ಓದು ನಿಲ್ಲುವುದಿಲ್ಲ. ಆಗಸ್ಟಿನಲ್ಲಿ ಕಮಿಟಿ ಒಪ್ಪಿತು. ಯಾರೂ ಹುಬ್ಬೇರಿಸಲಿಲ್ಲ. ಇಂಥ ಪತ್ರ ಅವರು ದಿನಾ ಓದುತ್ತಾರೆ.

ನವೆಂಬರಿನಲ್ಲಿ ಲಾಸ್ ಏಂಜಲೀಸಿನ ಒಂದು ಶಾಲೆಯ ಹಾಲಿನಲ್ಲಿ ರಾಜ್ಯೋತ್ಸವ ಇತ್ತು. ಊಟದ ಸಾಲಿನಲ್ಲಿ ನನ್ನ ಮುಂದೆ ವಸಂತ, ಅವರ ಪಕ್ಕ ನಿಧಿ. ಪರಿಚಯದ ಹೆಂಗಸೊಬ್ಬರು ಕೇಳಿದರು: "ಏನ್ ವಸಂತ, ನಿಧಿ ಇಷ್ಟು ಇಳ್ದುಹೋಗಿದಾಳೆ?"

"ಮೈಸೂರಲ್ಲಿ ಟೈಫಾಯ್ಡ್ ಆಗಿತ್ತು" ಎಂದರು ವಸಂತ.

ನಿಧಿ ನನ್ನ ಕಡೆ ನೋಡಿದಳು. ನಾನು ಬಾಯಿ ಬಿಡಲಿಲ್ಲ. ವಿದ್ಯಾರ್ಥಿಯ ಗುಟ್ಟು ಹೊರಗೆ ಹೇಳಬಾರದು ಎಂಬ ಕಾನೂನು ಇದೆ, ನಿಜ. ಆದರೆ ಕಣ್ಣು ತಪ್ಪಿಸಿ ಕೋಸಂಬರಿ ಬಡಿಸಿಕೊಳ್ಳಿ ಎಂದು ಯಾವ ಕಾನೂನೂ ಹೇಳಿರಲಿಲ್ಲ.

"ಟೈಫಾಯ್ಡ್ ಅಲ್ಲ ಆಂಟಿ, ಡಿಪ್ರೆಶನ್" ಎಂದಳು ನಿಧಿ, ಮೆಲ್ಲಗೆ. "ಈಗ ಸ್ವಲ್ಪ ಪರವಾಗಿಲ್ಲ."

ಸಾಲು ಒಂದು ಕ್ಷಣ ನಿಂತು ಮತ್ತೆ ಮುಂದೆ ಸರಿಯಿತು. ವಸಂತ ತಲೆಯೆತ್ತಲಿಲ್ಲ. ನಾನೂ ಎತ್ತಲಿಲ್ಲ.

ಮರುವರ್ಷ ನಿವೃತ್ತಳಾದೆ. ಅಲ್ಲಿಯವರೆಗೂ ನಮ್ಮ ಕಡೆಯವರು ಯಾರೇ ಬಂದರೂ ಮೊದಲು ಮಗುವನ್ನು ಒಂಟಿಯಾಗಿ ಮಾತಾಡಿಸುತ್ತಿದ್ದೆ. ಅಪ್ಪ ಅಮ್ಮನ ಫೈಲು ಆಮೇಲೆ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು. ಅಷ್ಟು ಬಿಗಿ ಎನಿಸುವ ಸರ್ಕಾರದ ನಿಯಮ ಆ ಹುಡುಗಿಯನ್ನು ಕೇಳಿದ್ದು ಏನಾಯಿತು ಎಂದಷ್ಟೇ. ಬೇರೆ ಕಾಯಿಲೆ ತಗೊಂಡು ಬಾ ಎಂದವರು ನಾವು.