ಓಡಬಾರದು ಎಂಬ ಬೋರ್ಡಿನ ಕೆಳಗೆ

ನಮ್ಮ ಓಟ ಶುರುವಾದದ್ದು ಹೀಗೆ. ತಮಿಳರ ಮಾರ್ಗಳಿ ತಿಂಗಳ ಒಂದು ಬೆಳಿಗ್ಗೆ ಚೆನ್ನೈನ ವೆಸ್ಟ್ ಮಾಂಬಲಂನ ನಮ್ಮ ಗಲ್ಲಿಯಲ್ಲಿ ನಾನು ಹಾಲಿನ ಪ್ಯಾಕೆಟ್ ಹಿಡಿದು ನಿಂತಿದ್ದೆ. ಎದುರು ಮನೆಯ ಮೆಟ್ಟಿಲ ಮೇಲೆ ನನ್ನ ಗಂಡನ ತಂಗಿ ಕೂತಿದ್ದಳು. "ನಾಳೆಯಿಂದ ಓಡೋಣ ಕಣೇ" ಎಂದೆ.

ಇದು ನನ್ನ ನೆನಪು. ನಾದಿನಿಯ ನೆನಪಿನಲ್ಲಿ ಪ್ಯಾಕೆಟ್ ಇದ್ದದ್ದು ಅವಳ ಕೈಯಲ್ಲಿ, ಮೆಟ್ಟಿಲ ಮೇಲೆ ಕೂತವಳು ನಾನು, ಓಡೋಣ ಎಂದವಳು ಅವಳು. ಹಾಲಿನ ಬಗ್ಗೆ ಮಾತ್ರ ಇಬ್ಬರಿಗೂ ತಕರಾರಿಲ್ಲ.

ಉಳಿದ ತಕರಾರನ್ನು ನಾವು ವರ್ಷಗಟ್ಟಲೆ ಓಡುತ್ತಲೇ ವಾದಿಸಿದೆವು. ಅದಕ್ಕೊಂದು ನಿಯಮವಿತ್ತು: ಓಡುತ್ತ ಮಾತಾಡಬೇಕು, ಏದುಸಿರು ಬಂದು ಯಾರ ಮಾತು ಮೊದಲು ನಿಲ್ಲುತ್ತದೋ ಅವರು ಸೋತ ಹಾಗೆ. ಸತ್ಯವನ್ನು ಶ್ವಾಸಕೋಶಕ್ಕೆ ಒಪ್ಪಿಸಿಬಿಟ್ಟಿದ್ದೆವು. ನಾದಿನಿ ನನಗಿಂತ ಚಿಕ್ಕವಳು, ಕಾಲು ಉದ್ದ. ಸಾಲದ್ದಕ್ಕೆ ರೈಲ್ವೆ ಸಬ್‌ವೇಯಿಂದ ಮೇಲೆ ಹತ್ತುವ ಕಡೆಯೇ ಆ ವಿಷಯ ತೆಗೆಯುತ್ತಿದ್ದಳು.

"ಆ ದಿವಸ ನೀವು ನೈಟಿ ಮೇಲೆ ಟವಲ್ ಹೊದ್ಕೊಂಡು ತೂಕಡಿಸ್ತಿದ್ರಿ ಅತ್ತಿಗೆ. ನಾನ್ ದಾನ್ ಎಬ್ಬಿಸಿದ್ದು."

"ಸುಳ್ಳು ಕಣೇ, ನೀನು..."

"ಹೇಳಿ, ನಾನು?"

ನನ್ನಿಂದ ಬರೀ ಗಾಳಿ ಹೊರಡುತ್ತಿತ್ತು.

"ಸರಿ, ಮುಡಿಂಜುದು, ಮುಗೀತು. ಶುರು ಮಾಡಿದ್ದು ನಾನೇ."

ಅವಳು ಇಲ್ಲೇ ಹುಟ್ಟಿ ಬೆಳೆದವಳು. ಅವಳ ಕನ್ನಡದಲ್ಲಿ ತಮಿಳು ಬಾಡಿಗೆಗಿಲ್ಲ, ಸ್ವಂತ ಮನೆ ಕಟ್ಟಿಕೊಂಡಿದೆ. ಮೈಸೂರಿನಿಂದ ಮದುವೆಯಾಗಿ ಬಂದ ನಾನು ಮೊದಮೊದಲು ತಿದ್ದುತ್ತಿದ್ದೆ. ಈಗ ನನ್ನ ಮಗ ನನ್ನ ಕನ್ನಡಕ್ಕೆ ತಮಿಳಿನಲ್ಲಿ, ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ. ಗಂಡ ಪೇಪರಿನ ಹಿಂದಿನಿಂದ "ಹ್ಞೂಂ" ಎನ್ನುತ್ತಾರೆ, ಅದು ಯಾವ ಭಾಷೆಯೂ ಅಲ್ಲ. ಕನ್ನಡದಲ್ಲೇ ನನ್ನ ಮೇಲೆ ಎಗರಿ ಬೀಳುವವಳು ಇವಳೊಬ್ಬಳೇ.

ಆದ್ದರಿಂದ ನನ್ನ ಮಂಡಿ ಊದಿಕೊಂಡು ಡಾಕ್ಟರು "ಇನ್ನು ಓಟ ಬೇಡ, ಈಜಿ" ಎಂದಾಗ ನನಗೆ ಗಾಬರಿಯಾದದ್ದು ಮಂಡಿಯ ಬಗ್ಗೆ ಅಲ್ಲ. ಬೆಳಗಿನ ಜಗಳ ಹೋಗುತ್ತದಲ್ಲ ಎಂದು.

"ನೀನೂ ಈಜಕ್ಕೆ ಬಾರೇ" ಎಂದೆ.

"ಆ ಈಜುಕೊಳದ ಗೋಡೆ ಮೇಲೆ ಓಡಬಾರದು ಅಂತ ಬೋರ್ಡ್ ಹಾಕಿದಾರೆ, ನೋಡಿದೀನಿ. ಅಂಥಾ ಜಾಗಕ್ಕೆ ನನ್ನನ್ನ ಕರೀತೀರಲ್ಲ, ನ್ಯಾಯಮಾ ಇದು?"

ಅವಳಿಗೆ ನೀರೆಂದರೆ ಭಯ. ಮರೀನಾದಲ್ಲಿ ಅಲೆಯೊಂದು ಉರುಳಿಸಿಬಿಟ್ಟಿತ್ತಂತೆ. ಒಮ್ಮೆ ಹೇಳುವಾಗ ಅವಳಿಗೆ ಆಗ ಆರು ವರ್ಷ, ಇನ್ನೊಮ್ಮೆ ಹೇಳುವಾಗ ಹೆಗಲಲ್ಲಿ ಕಾಲೇಜಿನ ಬ್ಯಾಗು. ಅಲೆಯಂತೂ ಪ್ರತಿಸಲ ದೊಡ್ಡದಾಗುತ್ತದೆ.

ಈಜುಕೊಳಕ್ಕೆ ಹೆಂಗಸರ ಸಮಯದಲ್ಲಿ ನಾನೊಬ್ಬಳೇ ಹೋಗತೊಡಗಿದೆ. ತೇಲುವುದು ಬಂತು, ಆಮೇಲೆ ಉಸಿರು ಹಿಡಿಯುವುದು, ಬಿಡುವುದು. ಬೇಸರದ ಸಂಗತಿಯೆಂದರೆ ಈಜು ನನಗೆ ಹಿಡಿಸಿತು. ಚೆನ್ನೈನಲ್ಲಿ ಓಡಿದರೂ ತೊಪ್ಪೆಯಾಗುತ್ತೇವೆ, ಈಜಿದರೂ ತೊಪ್ಪೆ. ಈಜಿದಾಗ ಯಾರೂ ದೂರ ಸರಿದು ಕೂರುವುದಿಲ್ಲ ಅಷ್ಟೆ. ದಂಡೆಗೆ ಕೋಲು ಒರಗಿಸಿ ನೀರಿಗಿಳಿಯುವ ಒಬ್ಬ ಅಜ್ಜಿ ನನ್ನನ್ನು ದಾಟಿ ಹೋಗುತ್ತಾರೆ. ರಸ್ತೆಯಲ್ಲಿ ಆ ವಯಸ್ಸಿನವರು ಯಾರೂ ನನ್ನನ್ನು ದಾಟಿದ್ದಿಲ್ಲ. ಸಾಯುವ ತನಕ ಜೊತೆಗಿರುವ ಆಟ ಯಾವುದು ಎಂದು ಕೇಳಿದರೆ ಅಜ್ಜಿಯ ಕಡೆ ಬೆರಳು ತೋರಿಸಬೇಕಾಗುತ್ತದೆ.

ಆದರೆ ಓಟಕ್ಕೆ ನೆನಪಿನ ಗೂಟಗಳಿದ್ದವು. ಬಾಗಿಲ ಮುಂದೆ ರಂಗೋಲಿಯಂತೆ ಬಿಟ್ಟ, ಹಾರಿ ದಾಟಬೇಕಾದ ಕೋಲ, ಸೈಕಲ್ ಅಂಗಡಿಯ ನಾಯಿ, ಇಡ್ಲಿ ಬೇಯುವ ವಾಸನೆ. ಗೂಟ ಇದ್ದಲ್ಲಿ ಸುಳ್ಳನ್ನೂ ಕಟ್ಟಬಹುದು, ಕಟ್ಟಿದ್ದೇನೆ. ಕೊಳದಲ್ಲಿ ಕಾಣುವುದು ನೀಲಿ ಟೈಲು, ಮತ್ತೆ ನೀಲಿ ಟೈಲು. ನಿನ್ನೆಯ ಈಜನ್ನು ಇವತ್ತಿನದರಿಂದ ಬೇರೆ ಮಾಡಲು ಆಗುವುದಿಲ್ಲ. ಇದು ಪ್ರಾಮಾಣಿಕವಾದ ಆಟ ಎಂದುಕೊಂಡೆ, ಎರಡು ವಾರ ಕಳೆಯುವಷ್ಟರಲ್ಲಿ ಪ್ರಾಮಾಣಿಕತೆ ಸಾಕಾಯಿತು. ಒಂದು ದಿನ ಮುಖ ಮುಳುಗಿಸಿಕೊಂಡೇ "ಪ್ಯಾಕೆಟ್ ನನ್ನ ಕೈಯಲ್ಲೇ ಇತ್ತು" ಎಂದು ಹೇಳಿ ನೋಡಿದೆ. ಗುಳ್ಳೆಗಳು ಎದ್ದವು. ಯಾರೂ ಸೋಲಲಿಲ್ಲ.

ಅತ್ತ ನಾದಿನಿ ಸ್ವಲ್ಪ ದಿನ ಒಬ್ಬಳೇ ಓಡಿ ನಿಲ್ಲಿಸಿಬಿಟ್ಟಳು. ಯಾಕೆ ಎಂದು ಕೇಳಿದೆ.

"ಬೋರ್ ಅತ್ತಿಗೆ. ಪಕ್ಕದಲ್ಲಿ ಯಾರೂ ಸೋಲ್ತಾ ಇಲ್ಲ."

ಮಾರನೆಯ ವಾರ ಅವಳು ಕೊಳದ ಮೆಟ್ಟಿಲ ಮೇಲೆ ಪ್ರತ್ಯಕ್ಷಳಾದಳು. ಕೈ ಕಾಲು ಪೂರ್ತಿ ಮುಚ್ಚುವ ಕಪ್ಪು ಈಜುಡುಗೆ, ಹಣೆಯಲ್ಲಿ ಕುಂಕುಮ, ಎರಡೂ ಕೈಯಲ್ಲಿ ಮೆಟ್ಟಿಲ ಪಕ್ಕದ ಕಂಬಿ.

"ಕಾಲು ಊರತ್ತೆ ದಾನೆ?"

"ಊರತ್ತೆ ಇಳಿ."

"ನಿಜವಾ, ಇಲ್ಲ ನಿಮ್ಮ ಹಾಲಿನ ಪ್ಯಾಕೆಟ್ ಥರಾನಾ?"

ಎದೆಮಟ್ಟದ ನೀರಿನಲ್ಲಿ ನಿಂತಳು. ಒಂದು ಹೆಜ್ಜೆ ಇಟ್ಟಳು. ಇನ್ನೊಂದು. ಆಮೇಲೆ ಮಂಡಿ ಎತ್ತಿ, ಮೊಳಕೈ ಬೀಸಿ, ನೀರನ್ನು ಬೈಯುತ್ತ ಓಡತೊಡಗಿದಳು. ದಂಡೆಯ ಮೇಲಿದ್ದ ಈಜು ಕಲಿಸುವ ಹುಡುಗಿ ಸೀಟಿ ಊದಿದಳು.

"ಮಾಮಿ, ಇಂಗೆ ಓಡಕ್ಕೂಡಾದು."

ಇಲ್ಲಿ ಓಡಬಾರದು ಎಂದದ್ದಕ್ಕೆ ನಾದಿನಿ ನಿಲ್ಲದೆ ಬೋರ್ಡಿನ ಕಡೆ ಕೈ ತೋರಿಸಿ, ಅದು ದಂಡೆಗೆ ಹಾಕಿದ್ದಲ್ಲವೇನಮ್ಮ, ನೀರಿಗೆ ಎಲ್ಲಿ ಬರೆದಿದೆ ಎಂದು ತಮಿಳಿನಲ್ಲಿ ಕೇಳಿದಳು. ಹುಡುಗಿ ಬೋರ್ಡನ್ನು ಓದಿದಳು. ಮತ್ತೊಮ್ಮೆ ಓದಿದಳು. ಅಂಚಿನಲ್ಲಿ ಓಡಿಕೊಳ್ಳಿ ಎಂದಳು.

ನಾನು ಪಕ್ಕಕ್ಕೆ ಹೋಗಿ ಓಡಿದೆ. ಮಂಡಿ ನೋಯಲಿಲ್ಲ. ನನ್ನ ಭಾರವನ್ನು ನೀರು ಹೊತ್ತುಕೊಂಡಿತ್ತು, ಬಾಯಿಗೆ ಬಿಡುವಾಗಿತ್ತು.

"ಆ ದಿವಸ ಮೆಟ್ಟಿಲ ಮೇಲೆ ಕೂತಿದ್ದು ನೀನು" ಎಂದೆ.

"ನಾನಾ? ಪ್ಯಾಕೆಟ್ ನನ್ನ..." ಎಂದಳು. ಅಷ್ಟಕ್ಕೇ ನಿಂತಿತು. ನೀರಿನಲ್ಲಿ ಉದ್ದ ಕಾಲು ಉಪಯೋಗಕ್ಕೆ ಬರುವುದಿಲ್ಲ. ವಾರಗಟ್ಟಲೆ ಉಸಿರು ಕಲಿತಿದ್ದ ನಾನು ಗಲ್ಲಿ, ಮೆಟ್ಟಿಲು, ಪ್ಯಾಕೆಟ್, ಅಲ್ಪವಿರಾಮ ಎಲ್ಲ ಸೇರಿಸಿ ಪೂರಾ ವಾಕ್ಯ ಮುಗಿಸಿದೆ. ಅವಳು ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದಳು.

ಹಾಗಾಗಿ ಓಟ ಶುರು ಮಾಡಿದವಳು ನಾನು. ಅವತ್ತಿನಿಂದ ನನ್ನ ನೆನಪು ವಿಚಿತ್ರವಾಗಿ ಸ್ಪಷ್ಟವಾಗಿದೆ: ಪ್ಯಾಕೆಟ್ಟಿನ ತಣ್ಣಗಿನ ಹನಿ, ಕೋಲದ ನಡುವಿನ ಕುಂಬಳ ಹೂವು, ಅವಳ ಕಣ್ಣಿನ ನಿದ್ದೆ. ಮೊದಲು ಇವು ಯಾವುವೂ ಇರಲಿಲ್ಲ. ಅದಕ್ಕೇ ನನಗೆ ಅನುಮಾನ.

ಮಾರನೆಯ ಬೆಳಿಗ್ಗೆ ಅವಳು ನನಗಿಂತ ಮುಂಚೆ ಬಂದು ಕೊಳದ ಮೆಟ್ಟಿಲ ಮೇಲೆ ಕೂತಿದ್ದಳು.

"ನಿನ್ನೆ ನೀರು ಕುಡಿದು ಮಾತು ನಿಂತಿದ್ದು ನಿಮಗೆ ಅತ್ತಿಗೆ. ಗೆದ್ದಿದ್ದು ನಾನು. ಜ್ಞಾಪಕ ಇದೆ ದಾನೆ?"

"ಇಳಿಯೇ ನೀರಿಗೆ" ಎಂದೆ.