ಅಪ್ಪೆಹುಳಿಯ ತಲೆಗೆ ಕಟ್ಟಿದ್ದು

ಗಜಣ್ಣ, ಆ ಉಪನಯನದ ದಿನ ನನಗೆ ವಾಂತಿಭೇದಿ ಆದದ್ದು ನಿಮ್ಮ ಅಪ್ಪೆಹುಳಿಯಿಂದಲ್ಲ. ಹಿಂದಿನ ಸಂಜೆ ಕುಮಟೆಯಲ್ಲಿ ಗೆಳೆಯನ ಮನೆಯಲ್ಲಿ ಬೆಳಚು ತಿಂದಿದ್ದೆ — ಹೊಳೆಯ ಕೆಸರಿನ ಆ ಚಿಪ್ಪಿನ ಹುಳುವನ್ನು — ಮೀನಿನ ಬುಟ್ಟಿ ಕಂಡರೆ ರಸ್ತೆಯ ಆಚೆ ಬದಿಗೆ ಹೋಗುವ ಮನೆಯಲ್ಲಿ ಹುಟ್ಟಿದ ನಾನು.

ಬಸ್ಸಿನಲ್ಲೂ ಕುದಿಸಿದ ನೀರಿನ ಬಾಟಲಿ ತಬ್ಬಿಕೊಂಡು ಕೂರುವವನೆಂದು ಯಲ್ಲಾಪುರದವರೆಗೂ ನನ್ನನ್ನು ಆಡಿಕೊಳ್ಳುತ್ತಿದ್ದರು. ಅಂಥವನು ಅಂದು, ಇನ್ನೂ ಬೇಯಬೇಕು ಎಂದು ಗೆಳೆಯನ ಹೆಂಡತಿ ಹೇಳಿದರೂ ಕೇಳದೆ, ಬಾಣಲೆ ಇಳಿಸುವಂತೆ ಗಡಿಬಿಡಿ ಮಾಡಿದೆ. ಯಾಕೆಂದರೆ — ವಾಸನೆ ಅಂಗಿಗೆ ಹತ್ತಿದರೆ ಮನೆಯಲ್ಲಿ ಗೊತ್ತಾಗುತ್ತದೆ! ಜೀವಮಾನವಿಡೀ ರೋಗಕ್ಕೆ ಹೆದರಿದವನಿಗೆ ಆ ಹೊತ್ತು ಒಗ್ಗರಣೆಯ ಹೊಗೆಯೇ ದೊಡ್ಡ ಹೆದರಿಕೆಯಾಯಿತು.

ಮರುದಿನ ಉಮ್ಮಚಗಿಯ ಉಪನಯನ, ನಿಮ್ಮ ಅಡುಗೆ. ಸಂಜೆಗೆ ನಾನು ಶಿರಸಿಯ ಆಸ್ಪತ್ರೆಯಲ್ಲಿ, ಕೈಗೆ ಸಲೈನ್. ಮೀನು, ಚಿಪ್ಪಿ ಏನಾದರೂ ತಿಂದಿದ್ದಿರಾ ಎಂದು ಡಾಕ್ಟರು ಕೇಳಿದರು. ಪಕ್ಕದಲ್ಲೇ ಹೆಂಡತಿ. ನಮ್ಮಲ್ಲಿ ಅದೆಲ್ಲ ಇಲ್ಲ ಎಂದೆ. ಮಾವಿನಕಾಯಿ ಬೇಯಿಸಿ ತಣ್ಣೀರು ಬೆರೆಸಿದ್ದನ್ನು ನಾನು ಲೋಟಗಟ್ಟಲೆ ಕುಡಿದದ್ದು ಅವಳಿಗೆ ನೆನಪಾಯಿತು.

“ಅಪ್ಪೆಹುಳಿಯಿಂದ್ಲೇ ಆತೇನ?”

“ಅದೇ ಇಕ್ಕು,” ಎಂದು ಹೂಂಗುಟ್ಟಿದೆ.

ಅಷ್ಟೇ. ಅದೇ ಪಂಕ್ತಿಯಲ್ಲಿ ಉಂಡ ಬೇರೆ ಯಾರಿಗೂ ಏನೂ ಆಗಿರಲಿಲ್ಲ. ಆದರೂ ನೀರಿನ ವಿಷಯದಲ್ಲಿ ನನ್ನ ಮಾತು ನಂಬದವರು ಯಾರಿದ್ದರು? ನಾನಿನ್ನೂ ಹಾಸಿಗೆಯಲ್ಲಿರುವಾಗಲೇ ಒಂದೊಂದೇ ಮನೆಯವರು ನಿಮ್ಮನ್ನು ಕರೆಯುವುದು ಬಿಡತೊಡಗಿದರು. ಅದು ಗೊತ್ತಿದ್ದೂ ನೀವು ನನ್ನನ್ನು ನೋಡಲು ಬಂದಿರಿ. ಮಂಚದ ಹತ್ತಿರ ಕೂತು, ತಗ್ಗಿದ ದನಿಯಲ್ಲಿ ಹೇಳಿದಿರಿ:

“ಆನು ನೀರು ಕುದಿಸೇ ಹಾಕಿದ್ದಿ, ತಮಾ. ಆದ್ರೂ ಎಲ್ಲೋ ತಪ್ಪಾತು ಕಾಣ್ತು.”

ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಊರು ನಿಮ್ಮನ್ನು ಅನುಮಾನಿಸಿದ್ದು ಒಂದು; ನಿಮ್ಮ ಕೈಯನ್ನು ನೀವೇ ಅನುಮಾನಿಸುವಂತೆ ಮಾಡಿದ್ದು — ಅದು ನಾನು. ಮುಂದಿನ ಮದುವೆಗಳ ಕಾಲಕ್ಕೆ ನೀವೇ ಸೌಟು ಕೆಳಗಿಟ್ಟಿರಿ. ಅಡುಗೆಗೆ ಯಾರಾದರೂ ಕೇಳಿದರೂ, ಬೇಡ, ಧೈರ್ಯ ಬರುವುದಿಲ್ಲ ಎನ್ನುತ್ತಿದ್ದಿರಂತೆ.

ಈಗ ಆ ಉಪನಯನದ ಹುಡುಗನಿಗೇ ಮದುವೆ. ನಾಳೆ ನೀವೂ ಬರುತ್ತೀರೆಂದು ಕೇಳಿದ್ದೇನೆ. ಮೊದಲ ಪಂಕ್ತಿಗೆ ಬಡಿಸುವ ಮುಂಚೆ ಎದ್ದು ನಿಂತು ಎಲ್ಲರೆದುರು ಹೇಳುತ್ತೇನೆ. ಏನೋ ಹೊರಗಿನದು ತಿಂದಿದ್ದೆ ಎಂದು ತೇಲಿಸುವುದಿಲ್ಲ. ಬೆಳಚು ಎಂದೇ ಹೇಳುತ್ತೇನೆ. ಕ್ಷಮಿಸಿ ಎಂದು ನಿಮ್ಮನ್ನು ಅಲ್ಲಿ ಇಕ್ಕಟ್ಟಿಗೆ ಸಿಕ್ಕಿಸುವುದೂ ಇಲ್ಲ.

ಹೆಂಡತಿಗೆ ಇವತ್ತು ಬೆಳಿಗ್ಗೆ ಹೇಳಿದೆ. ನಾಳೆ ಅವಳು ಮದುವೆಗೆ ಬರುವುದಿಲ್ಲವಂತೆ.

ನಾನು ಹೋಗುತ್ತೇನೆ.